ಹುಸೇನಬಿ ಅಕ್ಕನ ಮನೆಯ ಮೇಲೆ ನಿಂತ ಸಂಸಾರ

ಫೆಬ್ರುವರಿ ೩೦, ೨೧೮೭
ನಾಲ್ಕನೆಯ ಕಟ್ಟೆ, ಬಡಗುತೀರ

ನನಗಿಂತ ಬಹಳ ಹಿಂದೆ ಬದುಕುತ್ತಿರುವ ಕನ್ನಡದವರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ದಿನಾಂಕ ಕೈತಪ್ಪಿ ಬರೆದದ್ದಲ್ಲ. ಈ ದೇಶದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಆಗ ಕಚೇರಿಗಳು ಮುಚ್ಚಿರುತ್ತವೆ, ಹುಟ್ಟಿದ ಮಕ್ಕಳನ್ನು ಮುಂದಿನ ತಿಂಗಳಿಗೆ ಬರೆಸುತ್ತಾರೆ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಮನೆಯಲ್ಲಿ ನಾವಾಡುವುದು ಬಾಗಲಕೋಟೆ ಕಡೆಯ ಕನ್ನಡ. ಬರೆಯುವ ಕನ್ನಡವನ್ನು ನಾನು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತೆ. ಇಲ್ಲಿಯ ಸಂಜೆ ಕಾಲೇಜಿನಲ್ಲಿ ಕನ್ನಡ ಸಾಹಿತ್ಯಕ್ಕೆ ಸೇರಿದ ವರ್ಷ ತರಗತಿಯಲ್ಲಿ ಇದ್ದವಳು ನಾನೊಬ್ಬಳೇ. ಪದವಿ ಮುಗಿದ ಮೇಲೆ ಸಮುದ್ರದ ಪಾಚಿ ಒಣಗಿಸುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ಬರೆದು ಮಾತಾಡಲು ನನಗೆ ಪರಿಚಯವಿರುವವರು ನೀವೇ.

ಹೇಳಬೇಕಾದದ್ದು ದೊಡ್ಡ ಸಂಗತಿಯಲ್ಲ. ನನ್ನ ಗಂಡನನ್ನು ಈ ದೇಶದೊಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ವಿಚಾರಣೆಗೆ ಒಬ್ಬ ದುಭಾಷಿಯನ್ನು ಆರಿಸಬೇಕಾಯಿತು. ಅಷ್ಟೇ. ಆದರೆ ಅದರ ದಣಿವು ಇನ್ನೂ ಇಳಿದಿಲ್ಲ.

ಓದಿನ ಕೊನೆಯಲ್ಲಿ ಹಳೆಯ ಪುಸ್ತಕಗಳನ್ನು ನೋಡಲೆಂದು ನಾನು ಕೃಷ್ಣೆಯ ದಂಡೆಯ ಊರುಗಳಿಗೆ ಹೋಗಿದ್ದೆ. ಚೆನ್ನವೀರ ಅಲ್ಲಿ ನೀರಿನ ಸರದಿ ನೋಡಿಕೊಳ್ಳುತ್ತಿದ್ದ. ಯಾವ ಓಣಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂದು ಹೇಳುವ ಕೆಲಸವಾದ್ದರಿಂದ ಊರೆಲ್ಲ ಅವನನ್ನು ಬೈಯುತ್ತಿತ್ತು. ಬೈಸಿಕೊಂಡು, ತಲೆಯಾಡಿಸಿ, ಮತ್ತೆ ಅದೇ ಹೊತ್ತಿಗೆ ನೀರು ಬಿಡುತ್ತಿದ್ದ. ಅದನ್ನು ಕಿಟಕಿಯಿಂದ ನೋಡಿ ನೋಡಿ ನನಗೆ ಇಷ್ಟವಾಯಿತು. ಅವನಿಗೆ ನನ್ನಲ್ಲಿ ಏನು ಕಂಡಿತೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮದುವೆಯಾದೆವು. ನಾನು ಮುಂದೆ ಬಂದೆ, ಅವನು ಮರುವರ್ಷದ ಹಡಗಿನಲ್ಲಿ ಬಂದ. ಬಂದವನನ್ನು ತಂಗುಹಡಗಿಗೆ ಹತ್ತಿಸಿದರು. ತೀರ್ಮಾನವಾಗದ ಜನರನ್ನು ಇರಿಸುವ, ಎಲ್ಲಿಗೂ ಹೋಗದ ಹಡಗು ಅದು. ಬಂದರಿನ ಬಾಯಲ್ಲಿ ಲಂಗರು ಹಾಕಿಕೊಂಡು ನಿಂತಿದೆ. ನಮ್ಮ ಶೆಡ್ಡಿನಿಂದ ಕಾಣುತ್ತದೆ. ಉತ್ತರಗಳನ್ನು ಮೊದಲೇ ಹೊಂದಿಸಿಕೊಳ್ಳಬಾರದೆಂದು ಗಂಡ ಹೆಂಡತಿ ಮಾತಾಡುವುದಕ್ಕೆ ಅಲ್ಲಿ ಅಪ್ಪಣೆಯಿಲ್ಲ. ಒಂದು ಇಡೀ ಚಳಿಗಾಲ ನಾನು ಪಾಚಿಯನ್ನು ತಿರುವಿ ಹಾಕುತ್ತ ಆ ಹಡಗಿನ ದೀಪಗಳನ್ನು ನೋಡಿದೆ. ಯಾವುದು ಅವನ ಕಿಟಕಿ ಎಂದೂ ನನಗೆ ಗೊತ್ತಿರಲಿಲ್ಲ.

ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವ ಯಂತ್ರಗಳು ನಿಮ್ಮ ಕಾಲದಲ್ಲಿ ಆಗಷ್ಟೇ ಬರುತ್ತಿದ್ದವೆಂದು ಓದಿದ್ದೇನೆ. ನನ್ನ ಅಜ್ಜಿಯ ಕಾಲಕ್ಕೆ ಅವು ಎಷ್ಟು ಚೆನ್ನಾಗಿ ಮಾತಾಡತೊಡಗಿದವೆಂದರೆ, ಹೆದರಿದವರು, ತೊದಲುವವರು, ಸುಳ್ಳು ಹೇಳುವವರು, ಎಲ್ಲರೂ ಅಧಿಕಾರಿಯ ಮುಂದೆ ಒಂದೇ ತಿಳಿಯಾದ ದನಿಯಲ್ಲಿ ಬಂದರು. ಯಾರನ್ನು ನಂಬಬೇಕೆಂದು ತಿಳಿಯದೆ ಈ ದೇಶ ಹೊಸ ಕಾನೂನು ಮಾಡಿತು. ವಿಚಾರಣೆಗೆ ಜೀವಂತ ಮನುಷ್ಯನೇ ದುಭಾಷಿಯಾಗಬೇಕು, ಆತ ಸಂಬಂಧಿಯಾಗಿರಬಾರದು, ಮತ್ತು ತನ್ನ ಒಕ್ಕಲುಪತ್ರವನ್ನು, ಅಂದರೆ ಇಲ್ಲಿ ವಾಸಿಸುವ ಹಕ್ಕನ್ನು, ಪಣವಾಗಿ ಇಡಬೇಕು. ವಿಚಾರಣೆಯಲ್ಲೇ ಆಗಲಿ, ಮುಂದಿನ ಮೂರು ವರ್ಷದಲ್ಲಾಗಲಿ, ಆ ಮದುವೆ ಸುಳ್ಳೆಂದು ಕಂಡುಬಂದರೆ ಬಂದವನ ಜೊತೆ ಅವನ ಪರವಾಗಿ ಮಾತಾಡಿದವರೂ ದೇಶ ಬಿಡಬೇಕು. ಇಂಥವರನ್ನು ನಾವು ಹೊಣೆದುಭಾಷಿ ಅನ್ನುತ್ತೇವೆ. ಎರಡೂ ಭಾಷೆ ಚೆನ್ನಾಗಿ ಬಂದರೂ ಆ ಕೆಲಸ ನಾನು ಮಾಡುವಂತಿಲ್ಲ, ನಾನು ಹೆಂಡತಿ. ಚೆನ್ನವೀರನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಹಾಗಾಗಿ ನಾನು ಯಾರದಾದರೂ ಮನೆಗೆ ಹೋಗಿ, ನಿಮ್ಮ ಮನೆಯನ್ನು ನನ್ನ ಗಂಡನಿಗಾಗಿ ಪಣಕ್ಕಿಡಿ ಎಂದು ಕೇಳಬೇಕಿತ್ತು.

ಕೇಳುವ ಬಗೆ ನಿಮಗೆ ಗೊತ್ತೇ ಇರುತ್ತದೆ. ನಮ್ಮವರು ಬಂದ ಕೆಲಸವನ್ನು ಬಂದಕೂಡಲೇ ಹೇಳುವುದಿಲ್ಲ. ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಬೇಡವೆಂದು ಹೇಳುತ್ತಲೇ ರೊಟ್ಟಿ ತಿನ್ನುತ್ತಾರೆ, ಎದ್ದು ನಿಲ್ಲುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ, ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಆಡುವ ಮಾತೇ ಬಂದ ಕೆಲಸ. ಆದರೆ ಈ ಚಳಿಯ ದೇಶದಲ್ಲಿ ಮನೆಗೆ ಎರಡು ಬಾಗಿಲು. ನಡುವೆ ಇಬ್ಬರು ನಿಲ್ಲುವಷ್ಟು ಜಾಗ, ಅದಕ್ಕೆ ನಡುಕೋಣೆ ಎನ್ನುತ್ತೇವೆ. ಒಳಬಾಗಿಲು ಮುಚ್ಚಿದ ಮೇಲೇ ಹೊರಬಾಗಿಲು ತೆರೆಯುತ್ತದೆ. ಅತಿಥಿ ನಡುಕೋಣೆಗೆ ಕಾಲಿಟ್ಟ ಕೂಡಲೇ, ಒಳಗಿನ ಬಿಸಿ ಹೋಗಬಾರದೆಂದು, ಮನೆಯವರು ಬಾಗಿಲು ಎಳೆದುಕೊಳ್ಳುತ್ತಾರೆ. ನಾನು ಮೊದಲು ಹೋದದ್ದು ಅಪ್ಪನ ಗೆಳೆಯ ಬಂಡೆಪ್ಪನವರ ಮನೆಗೆ. ಯಾಕೆ ಬಂದಿದ್ದೇನೆಂದು ಅವರಿಗೂ ಗೊತ್ತಿತ್ತು, ಅವರ ಮನೆಯವರಿಗೂ ಗೊತ್ತಿತ್ತು. ಮೀನಿನ ಬೆಲೆ, ಮೊಣಕಾಲು ನೋವು, ದೀಪದ ಬೆಳಕಿನಲ್ಲಿ ಬೆಳೆದ ಜೋಳದ ಸಪ್ಪೆರುಚಿ, ಎಲ್ಲ ಮಾತಾಡಿದೆವು. ನಾನು ಎದ್ದೆ. ನಡುಕೋಣೆಯಲ್ಲಿ ತಿರುಗಿ ಬಾಯಿ ತೆರೆದಾಗ ಎದುರಿಗೆ ಇದ್ದದ್ದು ಮುಚ್ಚಿದ ಬಾಗಿಲು. ಅದರ ಆಚೆಯಿಂದ ಬಂಡೆಪ್ಪನವರ ಹೆಂಡತಿ, “ಹುಷಾರಿಲೆ ಹೋಗವಾ, ಮೆಟ್ಟಲಾ ಜಾರ್ತಾವ,” ಅಂದರು. ದನಿಯಲ್ಲಿ ನಿರಾಳವಿತ್ತು. ನಾನು ಅವರನ್ನು ದೂರುವುದಿಲ್ಲ.

ಗುರುಬಸವ ಕಾಕಾ ತಾವಾಗಿಯೇ ನನ್ನನ್ನು ಕರೆಸಿದರು. ಕಾಕಾ ಎಂದು ಎಲ್ಲರೂ ಕರೆಯುತ್ತಾರೆ, ಸಂಬಂಧವಿಲ್ಲ. ನಮ್ಮ ಕಟ್ಟೆ ಓಣಿಯ ಎಷ್ಟೋ ಗಂಡಂದಿರು, ಹೆಂಡಿರು ಅವರ ಬಾಯಿಂದಲೇ ಈ ದೇಶಕ್ಕೆ ಬಂದವರು. ಒಮ್ಮೆಯೂ ಸೋತಿಲ್ಲ. “ನೀ ಚಿಂತಿ ಬಿಡವಾ. ನಿನ್ನ ಗಂಡ ಬರೇ ತುಟಿ ಅಲ್ಲಾಡ್ಸಲಿ, ಮಾತು ನಾ ಹಚ್ಚತೀನಿ,” ಎಂದು ನಕ್ಕರು. ಅವರ ಗುಟ್ಟು ಅದೇ. ಎದುರು ಕೂತವನು ಏನೇ ಹೇಳಲಿ, ಅಧಿಕಾರಿಯ ಕಿವಿಗೆ ಒಂದು ಚೆಂದದ ಸಂಸಾರ ಕೇಳಿಸುತ್ತದೆ. ತೊಂದರೆ ಆಮೇಲೆ ಶುರುವಾಗುತ್ತದೆ. ಹೇಳಿದ ಹಾಗೆ ಬದುಕುತ್ತಿದ್ದಾರೋ ಇಲ್ಲವೋ ನೋಡಲು ಹೊಂದಿಕೆ ತಪಾಸಣೆಯವರು ಹೇಳದೆ ಕೇಳದೆ ಬರುತ್ತಾರೆ. ರುದ್ರವ್ವ ಎಂಬವಳ ಗಂಡ ದಿನಾ ಸಂಜೆ ಹೆಂಡತಿಯ ಕೈ ಹಿಡಿದು ಬಂದರಿನಲ್ಲಿ ತಿರುಗಾಡಲು ಹಂಬಲಿಸುತ್ತಾನೆ ಎಂದು ಕಾಕಾ ಹೇಳಿಬಿಟ್ಟಿದ್ದರು. ರುದ್ರವ್ವನಿಗೆ ಉಬ್ಬಸ. ಆದರೂ ಇಬ್ಬರೂ ಹಿಮಗಾಳಿಯಲ್ಲಿ ಕೈ ಕೈ ಹಿಡಿದು ತಿರುಗುತ್ತಾರೆ. ತಮ್ಮ ಪತ್ರವೂ ಪಣದಲ್ಲಿರುವುದರಿಂದ ಕಾಕಾ ಮೂಲೆಯ ಅಂಗಡಿಯಲ್ಲಿ ಕೂತು ನೋಡುತ್ತಾರೆ. “ಕೈ ಬಿಟ್ಟೀರೆಲ್ಲಾ, ಹಿಡ್ಕೊಳ್ರಿ!” ಎಂದು ಅವರು ಕೂಗಿದ್ದನ್ನು ನಾನೇ ಕೇಳಿದ್ದೇನೆ.

ನಿಜ ಹೇಳುತ್ತೇನೆ, ಕಾಕಾಗೆ ಹೂಂ ಅನ್ನುವ ಆಸೆ ನನಗೆ ಬಹಳವಿತ್ತು. ಮೂರು ವರ್ಷ ಗಾಳಿಯಲ್ಲಿ ತಿರುಗಾಡಿದರೆ ಯಾರೂ ಸಾಯುವುದಿಲ್ಲ. ಆದರೆ ಚೆನ್ನವೀರ ಹೇಳದ ಮಾತುಗಳ ಹಾಗೆ ಅವನು ಬದುಕಬೇಕಾಗುತ್ತದಲ್ಲ ಎಂದು ಯೋಚಿಸಿದೆ. ಆ ಒಳ್ಳೆಯ ಗಂಡನನ್ನು ಸೃಷ್ಟಿಸುವವರು ಕಾಕಾ, ಅವನಂತೆ ನಟಿಸಬೇಕಾದವನು ನನ್ನವನು. ನಾನು ಮದುವೆಯಾದದ್ದು ಬೈಸಿಕೊಂಡು ಸುಮ್ಮನಿರುವವನನ್ನು. ವಿಚಾರ ಮಾಡಿ ಹೇಳುತ್ತೇನೆ ಅಂದೆ. “ವಿಚಾರ ಮಾಡೂದೇನೈತಿ? ಸಾಲಿ ಕಲತವ್ರದು ಇದ ತ್ರಾಸು,” ಅಂದರು.

ಹುಸೇನಬಿ ಅಕ್ಕ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಇಳಕಲ್ಲಿನವಳು, ಬಿಸಿಲು ಹೆಚ್ಚಾಗಿ ಆ ಊರನ್ನು ಮುಚ್ಚಿದ ವರ್ಷ ಗಂಡನೊಂದಿಗೆ ಬಂದಳು. ಗಂಡನನ್ನು ಇದೇ ತೀರದ ಮಣ್ಣಿನಲ್ಲಿ ಹೂಳಿದ್ದಾಳೆ. ಇಲ್ಲಿಂದ ಹೊರಹಾಕಿದರೆ ಅವಳಿಗೆ ಹೋಗಲು ಊರೆಂಬುದಿಲ್ಲ. ಅದು ಗೊತ್ತಿದ್ದೇ ನಾನು ಹೋದೆ. ಚಹಾ ಆಯಿತು, ರೊಟ್ಟಿ ಆಯಿತು. ನಾನು ಗೋಡೆ ನೋಡುತ್ತ ಕೂತಿದ್ದೆ. “ಏನ ತಂಗಿ, ಹಲ್ಲ ನೋಯಾಕತ್ತಾವೇನು? ಬಾಯೇ ಬಿಚ್ಚವಲ್ಲಿ!” ಅಂದಳು. ಇಲ್ಲ ಅಕ್ಕ, ಬರ್ತೀನಿ, ಎಂದು ಎದ್ದೆ. ನಡುಕೋಣೆಗೆ ಬಂದು ಇನ್ನೇನು ಬಾಗಿಲು ಮುಚ್ಚಿಕೊಳ್ಳುತ್ತದೆ ಅನ್ನುವಾಗ, ಶಾಲು ಕೂಡ ಹೊದೆಯದೆ ಅಕ್ಕ ನನ್ನ ಹಿಂದೆಯೇ ಬಂದು, ಒಳಬಾಗಿಲನ್ನು ತಾನೇ ಎಳೆದಳು. ಹೊರಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇಬ್ಬರ ಉಸಿರೂ ಹೊಗೆಯಾಗಿ ಕಾಣುತ್ತಿತ್ತು.

“ಹಾಂ, ಈಗ ಹೇಳು. ನಿಮ್ಮವ್ವನೂ ಹಿಂಗ ಇದ್ಲು. ಹೊಸ್ತಲಾ ದಾಟೂತನಕಾ ಮಾತ ಬರ್ತಿದ್ದಿಲ್ಲ ಆಕಿಗೆ.”

ನಾನು ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಕೈ ಉಜ್ಜಿಕೊಂಡಳು. “ಅಂವಾ ಏನಂತಾನ, ಅದನ್ನ ಹೇಳ್ತೀನಿ. ಚಲೋ ಇದ್ರೂ ಅದ, ಕೆಟ್ಟ ಇದ್ರೂ ಅದ. ಆಮ್ಯಾಲ ನನ್ನ ಬೈಬ್ಯಾಡ.” ಯಾಕೆ ಒಪ್ಪಿದಿರಿ ಎಂದು ಕೇಳಲು ಹೊರಟೆ. “ನಡಿ ನಡಿ, ಕಾಲು ಸೆಟದಾವು,” ಎಂದು ಹೊರಬಾಗಿಲು ತೆರೆದಳು.

ವಿಚಾರಣೆಯ ದಿನ ನನ್ನನ್ನು ಗಾಜಿನಾಚೆ ಕೂರಿಸಿದರು. ನನಗೆ ಕೇಳಿಸುವುದು ಅಧಿಕಾರಿಯ ದನಿ ಮತ್ತು ದುಭಾಷಿಯ ದನಿ ಮಾತ್ರ. ಗಂಡನ ದನಿಯ ದಾರಿಯನ್ನು ಮುಚ್ಚಿರುತ್ತಾರೆ. ಚೆನ್ನವೀರ ತೆಳ್ಳಗಾಗಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಮಾತು ಅಕ್ಕನ ಬಾಯಿಂದ ಈ ದೇಶದ ಭಾಷೆಯಲ್ಲಿ ಬರುತ್ತಿತ್ತು. ಊರು, ಮದುವೆಯ ದಿನ, ನಾನು ತಿನ್ನದ ತರಕಾರಿ, ಎಲ್ಲ ಸರಿಯಾಗಿ ದಾಟಿತು. ಕೊನೆಗೆ ಅಧಿಕಾರಿ, ನಿನ್ನ ಹೆಂಡತಿಯ ಬಗ್ಗೆ ಹೇಳು ಅಂದಳು. ಚೆನ್ನವೀರ ಒಂದೇ ಮಾತು ಆಡಿದ. ಅಕ್ಕ ತಟ್ಟನೆ ಅವನ ಮುಖ ನೋಡಿದಳು. ಆಮೇಲೆ ಗಾಜಿನತ್ತ, ನನ್ನ ಕಡೆ ನೋಡಿದಳು. ಒಂದು ಸುಳ್ಳಿನಿಂದ ತನ್ನ ಮನೆ ಉಳಿಯುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು. ಅವಳು ಹೇಳಿದಳು: ಆಕೆ ಕಡಿಮೆ ಮಾತಿನವಳು, ಆಕೆಯ ದನಿ ಹೇಗಿತ್ತೆಂಬುದು ನನಗೆ ಮರೆತುಹೋಗಿದೆ.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. ಕಾನೂನಿನಂತೆ ಅಕ್ಕನನ್ನು ಕೇಳಿದಳು: ಈಗಲೂ ನಿಮ್ಮ ಪತ್ರವನ್ನು ಹಿಂದಕ್ಕೆ ಪಡೆಯಬಹುದು, ಪಡೆಯುತ್ತೀರಾ? ಹೊಣೆದುಭಾಷಿ ಇದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬಹುದು, ಕಾರಣ ಕೊಡುವಂತಿಲ್ಲ. ಹುಸೇನಬಿ ಅಕ್ಕ ಇಲ್ಲ ಅಂದಳು. ಗಂಡ ಹೆಂಡತಿ ಒಟ್ಟಿಗಿರಲು ಕೊಡುವ ಮೂರು ವರ್ಷದ ಜೋಡಿಪತ್ರಕ್ಕೆ ಅಧಿಕಾರಿ ಸಹಿ ಹಾಕಿದಳು. ಯಾಕೆ ಹಾಕಿದಳೆಂದು ನನಗೆ ತಿಳಿದಿಲ್ಲ.

ಈಗ ಅವನು ಮನೆಯಲ್ಲಿದ್ದಾನೆ. ಸುಖವಾಗಿದ್ದೇವೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಬಂದಂದಿನಿಂದ ನಾವು ಸಂಸಾರ ಮಾಡುತ್ತಿಲ್ಲ, ಅಕ್ಕನ ಮನೆ ಕಾಯುತ್ತಿದ್ದೇವೆ. ಅವನಿಗೆ ಚಳಿ, ಉಸಿರುಗಿಂಡಿ ಮುಚ್ಚುತ್ತಾನೆ. ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಸಣ್ಣ ಕಿಂಡಿ ಅದು. ಮುಚ್ಚಿದರೆ ನನಗೆ ತಲೆನೋವು. ನಾನು ಪರವಾಗಿಲ್ಲ ಅನ್ನುತ್ತೇನೆ, ಅವನೂ ಪರವಾಗಿಲ್ಲ ಎಂದು ತೆರೆಯುತ್ತಾನೆ. ಸಾರಿಗೆ ಉಪ್ಪಿಲ್ಲ, ಪರವಾಗಿಲ್ಲ. ಶೆಡ್ಡಿನ ಕೆಲಸ ಅವನಿಗೆ ಸೇರದು, ಪರವಾಗಿಲ್ಲ. ದನಿ ಏರಿದರೆ ಪಕ್ಕದವರು ಕೇಳಿಯಾರು, ತಪಾಸಣೆಯವರಿಗೆ ಹೇಳಿಯಾರು, ಅಕ್ಕ ಗಂಡನನ್ನು ಹೂಳಿದ ಮಣ್ಣು ಬಿಟ್ಟು ಹೊರಡಬೇಕಾದೀತು. ರಾತ್ರಿ ಅಕ್ಕಪಕ್ಕ ಮಲಗಿ ಇಬ್ಬರೂ ಎಚ್ಚರವಾಗಿರುತ್ತೇವೆ, ಲಾಡ್ಜಿನಲ್ಲಿ ಒಂದೇ ಕೋಣೆ ಸಿಕ್ಕ ಅಪರಿಚಿತರ ಹಾಗೆ.

ಮೊನ್ನೆ ಹುಸೇನಬಿ ಅಕ್ಕ ಊಟಕ್ಕೆ ಬಂದಿದ್ದಳು. ನಮ್ಮಿಬ್ಬರ ಮರ್ಯಾದೆಯ ಮಾತು ಕೇಳಿ ಕೇಳಿ ತಟ್ಟೆ ಕೆಳಗಿಟ್ಟಳು. “ಏನ್ರಪಾ ಇದು? ಜಗಳಾ ಆಡಂಗಿಲ್ಲೇನು ನೀವು?” ನನ್ನ ಕಣ್ಣಲ್ಲಿ ನೀರು ಬಂತು. ಚೆನ್ನವೀರನೇ ಹೇಳಿದ: “ಅಕ್ಕಾರ, ನಿಮ್ಮ ಮನಿ ಐತೆಲ್ರಿ ನಮ್ಮ ಮ್ಯಾಲ.” ಅಕ್ಕ ನಗಲಿಲ್ಲ. “ನೀವು ಗಂಡಾ ಹೆಂಡ್ತಿ ಅಂತ ನಾ ಆಣಿ ಮಾಡೀನಿ. ಗ್ವಾಡಿಮ್ಯಾಗಿನ ಫೋಟೋ ಅಂತ ಮಾಡಿಲ್ಲ,” ಅಂದು, ಉಪ್ಪು ಕೇಳಿ ಹಾಕಿಕೊಂಡಳು.

ನಿಮ್ಮಲ್ಲಿ ಒಂದು ಕೇಳಿಕೆ. ಇಂಥ ಕಾನೂನುಗಳು ಒಮ್ಮೆಗೇ ಬರುವುದಿಲ್ಲ. ನಿಮ್ಮ ಕಾಲದಲ್ಲೇ ಎಲ್ಲೋ ಒಂದು ಕಚೇರಿಯಲ್ಲಿ ಇದರ ಮೊದಲ ಸಾಲನ್ನು ಯಾರೋ ಬರೆಯುತ್ತಿರಬಹುದು, ಒಳ್ಳೆಯ ಉದ್ದೇಶದಿಂದಲೇ. ನೀವು ಆ ಕೋಣೆಯಲ್ಲಿದ್ದರೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರ ಸೂರನ್ನು ಆ ಮಾತಿಗೆ ಕಟ್ಟಬೇಡಿ ಎಂದು ಹೇಳಿ. ಹೇಳಲು ಸಂಕೋಚವಾದರೆ, ನನ್ನ ಹಾಗೆ, ಬರೆದಾದರೂ ಕೊಡಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಚೆನ್ನವೀರ ಮತ್ತೆ ಕಿಂಡಿ ಮುಚ್ಚಿದ್ದಾನೆ, ತಲೆ ಸಿಡಿಯುತ್ತಿದೆ. ಈಗ ಎದ್ದು ಹೋಗಿ ಅವನ ಜೊತೆ ಜಗಳವಾಡಬೇಕು, ಪಕ್ಕದ ಮನೆಗೆ ಕೇಳಿಸುವ ಹಾಗೆ.

ನಿಮ್ಮ
ನೀಲವ್ವ