ಮೀನಿನ ತೊಟ್ಟಿಗೆ ಒಂದು ಚೊಂಬು ನೀರು

ಅಮ್ಮಾ,

ನೀನು ನಮ್ಮನ್ನ ಬಿಟ್ಟು ಹೋದ ಮ್ಯಾಲೆ ನನ್ನ ಸಮುದ್ರದ ಮೀನು ಎರಡೂ ಮಂಕಾಗಿದ್ವು. ಇವತ್ತು ನೀರು ಪರೀಕ್ಷೆ ಮಾಡಿದೆ, ಉಪ್ಪು ಭಾಳ ಏರಿತ್ತು. ಬಳ್ಳಾರಿ ಬಿಸಿಲಿಗೆ ನೀರು ಆರಿಹೋಗ್ತದ, ಉಪ್ಪು ತೊಟ್ಟಿಯೊಳಗೇ ಉಳೀತದ. ಆರಿದಷ್ಟು ಸಿಹಿನೀರು ಹಾಕಬೇಕಂತ. ಮತ್ತ ಇಷ್ಟು ದಿನ ಹೆಂಗ ಸರಿಯಿತ್ತು ಅಂತ ತಲಿ ಕೆರಕೊಂಡ್ರ ನಿನ್ನ ಸೊಸಿ ಅಂದ್ಲು: "ಅತ್ತಿಯವರು ಪೂಜಿ ಮುಗಿಸಿ ದಿನಾ ಒಂದು ಚೊಂಬು ಫಿಲ್ಟರ್ ನೀರು ಹಾಕ್ತಿದ್ರು. ನೀವು ಬೈತೀರಿ ಅಂತ, ನಿಮಗ ಹೇಳಬ್ಯಾಡ ಅಂದಿದ್ರು."

ಮೀನು ಸಾಕಿದ ಮನಿಯಾಗ ಮಡಿ ಎಲ್ಲಿ ಉಳೀತು ಅಂತ ಗೊಣಗತಿದ್ದಾಕಿ ನೀನಲ್ಲೇನು?

ಸಂಜಿಗೆ ನಿನ್ನ ಚೊಂಬು ಹಿಡಕೊಂಡು ತೊಟ್ಟಿ ಮುಂದ ನಿಂತೆ. ಇನ್ನೂ ನೀರು ಹಾಕಿದ್ದಿಲ್ಲ. ಎರಡೂ ಮೀನು ಮ್ಯಾಲೆ ಬಂದು, ನನ್ನ ಹಿಂದ ಯಾರೋ ಬರ್ತಾರನ್ನಂಗ ಕಾಯ್ತಾ ನಿಂತ್ವು.