ಕೆಂಪು ಟೇಪಿನ ವೈರು

ಶಾಲೆಯ ಪ್ರಯೋಗಾಲಯ,
ಶುಕ್ರವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೈಯ ಸುಟ್ಟಗಾಯ ಒಣಗಿತೇ? ಮುಲಾಮು ಮುಗಿದಿದ್ದರೆ ಬಾಯಿಬಿಟ್ಟು ಕೇಳು. ಜೈಲಿನಲ್ಲಿಯೂ ಸಂಕೋಚ ಪಡುವವನು ನೀನೊಬ್ಬನೇ. ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಊಟಕ್ಕೆ ನಿನ್ನ ತಟ್ಟೆಯನ್ನೂ ಇಡುತ್ತಾಳೆ, ಆಮೇಲೆ ತಾನೇ ಎತ್ತಿಡುತ್ತಾಳೆ.

ಸೋಮವಾರ ನಿನ್ನ ಕೇಸು ಬರುತ್ತದೆ. ಪೇಂಟಿನ ಥಿನ್ನರ್ ತುಂಬುವ ಶೆಡ್ಡಿನಲ್ಲಿ ನೀನು ಬೀಡಿ ಸೇದಿ ಎಸೆದೆ, ಅದರಿಂದಲೇ ಬೆಂಕಿ ಹತ್ತಿ ನಿನ್ನ ಜೊತೆಗಾರ ಮೀಸೆ ಮಾವ ಸತ್ತರು ಎಂದು ಮಾಲೀಕರ ಕಡೆಯವರು ಬರೆದುಕೊಟ್ಟಿದ್ದಾರೆ. "ಅಕ್ಕಾ, ನಿನ್ನಾಣೆ, ಬೀಡಿ ಬಿಟ್ಟು ಎರಡು ವರ್ಷ ಆಯ್ತು" ಎಂದು ನೀನು ಅತ್ತಾಗ ನಾನು ನಂಬಲಿಲ್ಲ. ಮನೆಯ ಮಾನ ಕಳೆದೆ ಎಂದು ಎಲ್ಲರೆದುರು ಬೈದೆ. ನನ್ನ ನಾಲಿಗೆ ಬಿದ್ದು ಹೋಗಲಿ!

ಇವತ್ತು ಎಂಟನೇ ಕ್ಲಾಸಿಗೆ ಸ್ಥಿರವಿದ್ಯುತ್ತಿನ ಪಾಠ. ಬೆಂಕಿಯಾದ ದಿನದಿಂದ ಮುಂದೂಡುತ್ತಲೇ ಬಂದಿದ್ದೆ. ಪರೀಕ್ಷೆ ಹತ್ತಿರವಾಗಿ ವಿಧಿಯಿಲ್ಲದಾಯಿತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಎಬ್ಬಿಸಿದೆ. ನನ್ನ ನರೆಗೂದಲು ನೆಟ್ಟಗೆ ನಿಂತದ್ದು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಗಾಜಿನ ಲೋಟದ ಮೇಲೆ ತಗಡಿನ ಡಬ್ಬಿ ಇಟ್ಟು, ಉಜ್ಜಿದ ಬಾಚಣಿಗೆಯನ್ನು ಮತ್ತೆ ಮತ್ತೆ ತಾಕಿಸಿ ವಿದ್ಯುದಾವೇಶ ತುಂಬಿ, ಬೆರಳು ಹತ್ತಿರ ಒಯ್ದೆ. ಚಟ್ ಎಂದು ಕಿಡಿ. ಉಜ್ಜಿದರೂ ಸುರಿದರೂ ಆವೇಶ ಹೀಗೆ ಕೂಡಿಕೊಳ್ಳುತ್ತದೆ, ದಾರಿ ಸಿಗದಿದ್ದರೆ ಕಿಡಿಯಾಗಿ ಹಾರುತ್ತದೆ, ಒಂದು ವೈರು ಸಿಕ್ಕಿಸಿ ನೆಲಕ್ಕೆ ಬಿಟ್ಟರೆ ಸದ್ದಿಲ್ಲದೆ ಇಳಿದುಹೋಗುತ್ತದೆ ಎಂದು ಹೇಳುತ್ತಾ ಪೆಟ್ಟಿಗೆಯಿಂದ ವೈರು ತೆಗೆದೆ. ಎರಡೂ ತುದಿಗೆ ಕ್ಲಿಪ್ಪು, ನಡುವೆ ಕೆಂಪು ಟೇಪು.

ಮುಂದಿನ ಬೆಂಚಿನಲ್ಲಿದ್ದ ಮೀಸೆ ಮಾವನ ಮಗಳು ಎದ್ದು ನಿಂತಳು. "ಟೀಚರ್, ಇದು ನಮ್ಮಪ್ಪನ ಶೆಡ್ಡಿಂದು. ಇದನ್ನ ಡ್ರಮ್ಮಿಗೆ ಹಾಕದೆ ಥಿನ್ನರ್ ಸುರೀಬಾರದು ಅಂತ ಅಪ್ಪ ಹೇಳ್ತಿದ್ರು. ನಿಮ್ಮ ಹತ್ರ ಹೇಗೆ ಬಂತು?"

ಹೇಗೆ ಬಂತು! ಬೆಂಕಿಯ ಹಿಂದಿನ ದಿನ ಶೆಡ್ಡಿಗೆ ನಿನ್ನ ಬುತ್ತಿ ತಂದವಳು ನಾನೇ. ನೀನು ಆಫೀಸಿಗೆ ಹೋಗಿದ್ದೆ. ಮೊಳೆಯಲ್ಲಿ ನೇತಾಡುತ್ತಿತ್ತು, ಯಾವುದೋ ಬಿಡಿ ವೈರು, ಪಾಠಕ್ಕಾಯಿತು ಎಂದು ಚೀಲಕ್ಕೆ ಹಾಕಿಕೊಂಡೆ. ಹದಿನೆಂಟು ವರ್ಷ ಇದೇ ಪಾಠ ಮಾಡಿದ ಮೇಡಂ ನಾನು! ಮರುದಿನ ಮೀಸೆ ಮಾವ ವೈರು ಹುಡುಕಿ ಸಿಗದೆ, ಲಾರಿ ಕಾಯುತ್ತಿದೆಯೆಂದು ಹಾಗೆಯೇ ಸುರಿದಿರಬೇಕು. ನೀನು ಬಂದು ಅವರನ್ನು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಡುಗಿಗೆ ಅಲ್ಲೇ ನಿಜ ಹೇಳಿದೆ. ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ, ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಬಾಯಿ ಜೋರಿನ ನಿನ್ನ
ಅಕ್ಕ

ವಿ.ಸೂ.: ಕವರು ಅಂಟಿಸುವಾಗ ನೆನಪಾಯಿತು. ಹೋದ ವಾರ ಸರಳಿನಾಚೆಯಿಂದ ನೀನು ಕೇಳಿಕೊಂಡದ್ದು ಒಂದೇ: "ಅಕ್ಕಾ, ಈ ವರ್ಷ ಆ ಕರೆಂಟಿನ ಪಾಠ ಬಿಟ್ಬಿಡು." ನನಗೆ ಸಂಕಟವಾದೀತೆಂದು ಹೇಳಿದೆ ಅಂದುಕೊಂಡಿದ್ದೆ. ಬೆಂಕಿಯಾದ ಮೇಲೆ ಖಾಲಿ ಮೊಳೆ ನೋಡಿದಾಗಲೇ, ಬುತ್ತಿ ತಂದಿಟ್ಟು ಹೋದ ನಾನೇ ವೈರು ಒಯ್ದಿದ್ದೆಂದು ನಿನಗೆ ಗೊತ್ತಾಗಿತ್ತು, ಅಲ್ಲವೇನೋ ಕತ್ತೆ? ಅಷ್ಟು ಬೈಸಿಕೊಂಡೂ ಸುಮ್ಮನಿದ್ದೆಯಲ್ಲೋ! ಸೋಮವಾರ ವೈರು ಹಿಡಿದು ನಾನೇ ಕಟಕಟೆ ಹತ್ತುತ್ತೇನೆ. ಅಡ್ಡ ಬರಬೇಡ, ಬಂದರೂ ಪ್ರಯೋಜನವಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ಸಾಹೇಬರು ಓದಿ ಮುಗಿಸಿರುತ್ತಾರೆ.