ದುಡಿದರೂ ಭತ್ಯೆ ನಿಲ್ಲುವುದಿಲ್ಲವಂತೆ

ಬಳ್ಳಾರಿ, ಫೆಬ್ರವರಿ ೩೦, ೨೧೭೧

ಮುತ್ತಜ್ಜಿ ದುರುಗಮ್ಮನಿಗೆ ನಿನ್ನ ಮರಿಮಗನ ಮೊಮ್ಮಗ ಎರ್ರಿಸ್ವಾಮಿಯ ನಮಸ್ಕಾರ. ತಾರೀಕು ನೋಡಿ ಗಾಬರಿಯಾಗಬೇಡ. ಕ್ಯಾಲೆಂಡರ್ ತಿದ್ದಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸು.

ದುಡಿಯುವುದು ಕಂಡರೆ ಅಂಗವಿಕಲರ ಪಿಂಚಣಿ ನಿಂತೀತೆಂದು ನೀನು ಬಾಗಿಲು ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದೆಯೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಆ ಅನುಮಾನ ನನಗೂ ಬಳುವಳಿಯಾಗಿ ಬಂದಿದೆ.

ಬಿಸಿಲುಜ್ವರ ಬಂದು ಹೋದ ಮೇಲೆ ನನ್ನ ತಲೆಯಲ್ಲಿ ಕೆಲಸದ ಕ್ರಮ ನಿಲ್ಲದಂತಾಯಿತು. ಕೈ ಚೆನ್ನಾಗಿದೆ, ಆದರೆ ಜೇಬಾದ ಮೇಲೆ ಜಿಪ್ಪೋ, ಜಿಪ್ಪಾದ ಮೇಲೆ ಜೇಬೋ ತಿಳಿಯದು. ಸರ್ಕಾರ ನಿನ್ನ ಪಿಂಚಣಿಯಂಥದೇ ಬದುಕುಭತ್ಯೆ ಕೊಟ್ಟಿತು. ಅದರ ಜೊತೆಗೆ ಜೀನ್ಸ್ ಕಾರ್ಖಾನೆಯಲ್ಲಿ ಕೆಲಸ, ಒಬ್ಬ 'ಒತ್ತಾಸೆ'. ನಮ್ಮ ಕಾಲದಲ್ಲಿ ಒತ್ತಾಸೆಯೆಂದರೆ ಕೆಲಸದ ಜಾಗದಲ್ಲಿ ಪಕ್ಕ ನಿಂತು ನೆರವಾಗುವ ಮನುಷ್ಯರು. ದುಡಿದರೂ ಭತ್ಯೆ ನಿಲ್ಲುವುದಿಲ್ಲ ಎಂದರು. ಯಾವ ಕಚೇರಿ ಎರಡೂ ಕೈಯಿಂದ ಕೊಟ್ಟೀತು? ನಾನು ನಂಬಲಿಲ್ಲ.

ನನಗೆ ಬಂದ ಒತ್ತಾಸೆ ಹಂಪಕ್ಕ, ಐವತ್ತು ದಾಟಿದವಳು. ಮೊದಮೊದಲು ಹೆಗಲಿಗೆ ಹೆಗಲು ತಾಗುವಂತೆ ನಿಂತಳು. ಬರಬರುತ್ತ ದೂರ ಸರಿದು ಅಲ್ಲಿಂದಲೇ ನೋಡತೊಡಗಿದಳು. ನಾನು ಗುಣವಾದೆನೆಂದು ಭತ್ಯೆ ಕೊಡುವ ಕಚೇರಿಗೆ ಸುದ್ದಿ ಮುಟ್ಟಿಸುವವಳು ಇವಳೇ ಎನಿಸಿತು. ಬೇಕೆಂದೇ ಜೇಬುಗಳನ್ನು ತಲೆಕೆಳಗಾಗಿ ಹೊಲಿದೆ. ಮಾಲೀಕರು ಮುಖ ಗಂಟಿಕ್ಕಿದರು. ಕೆಲಸವೇ ಹೋಗುವಂತಾಯಿತು.

ಊಟದ ಹೊತ್ತಿಗೆ ಹಂಪಕ್ಕ ಪಕ್ಕದಲ್ಲಿ ಬಂದು ಕೂತಳು. "ತಮ್ಮಾ, ಮರೆತಾಗ ನಿನ್ನ ಕೈ ನಿಂತುಬಿಡ್ತೈತೆ. ಇವತ್ತು ನಿಲ್ಲಲೇ ಇಲ್ಲ. ಯಾಕೆ ಹಿಂಗೆ ಮಾಡ್ತಿದೀಯ?"

"ನೀನು ಕಚೇರಿಗೆ ಏನು ಹೇಳ್ತೀಯಕ್ಕ?"

"ನಿನಗೆ ನಾನು ಇನ್ನೂ ಎಷ್ಟು ಬೇಕು ಅಂತ. ಭತ್ಯೆ ವಿಷಯ ಅವರು ಕೇಳಲ್ಲ."

"ನಾಳೆ ಕೇಳಿದ್ರೆ?"

ಅವಳು ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟಳು. "ಕೇಳಿದ್ರೆ ಮೊದಲು ನಿನಗೆ ಹೇಳ್ತೀನಿ. ಅಷ್ಟೇ ನನ್ನ ಕೈಲಿರೋದು."

ಭತ್ಯೆ ಎಂದೆಂದಿಗೂ ಬರುತ್ತದೆ ಎಂದಿದ್ದರೆ ನಾನು ಅವಳನ್ನು ನಂಬುತ್ತಿರಲಿಲ್ಲ. ಅಂದಿನಿಂದ ನೆಟ್ಟಗೆ ಹೊಲಿದೆ. ಹಂಪಕ್ಕ ವಾರಕ್ಕೊಮ್ಮೆ ಬಂದು ಹೋದರೆ ಸಾಕಾಯಿತು. ಕೂಲಿಯೂ ಬಂತು, ಭತ್ಯೆಯೂ ಬಂತು.

ನಿನ್ನೆ ಅವಳು ಬರುವ ದಿನವಲ್ಲ, ಆದರೂ ಬಂದಳು. "ಕೇಳಿದಾರೆ ತಮ್ಮಾ," ಎಂದಳು. ನನಗೆ ಕೂಲಿಯ ಜೊತೆ ಭತ್ಯೆಯೂ ಬೇಕೇ ಎಂದು ಕಚೇರಿಯವರು ಕಣ್ಣಾರೆ ನೋಡಬೇಕಂತೆ. ಅವರಿಗೆ ಉತ್ತರ ಕೊಡುವ ಮೊದಲೇ ಅವಳು ನನ್ನ ಹತ್ತಿರ ಬಂದಿದ್ದಳು.

ನಾಳೆ ಅವರ ಮುಂದೆ ಹೊಲಿಯಲು ಕೂರುತ್ತೇನೆ. ಈ ಸಲ ತಪ್ಪು ನಟಿಸುವುದಿಲ್ಲ. ನಾನು ಹೊಲಿಯುವುದನ್ನೂ ನೋಡಲಿ, ಮರೆತು ಕೂರುವುದನ್ನೂ ನೋಡಲಿ. ಮುತ್ತಜ್ಜಿ, ಆ ಕಚೇರಿಯವರನ್ನು ನಾನು ಇನ್ನೂ ನಂಬಿಲ್ಲ, ನೀನೂ ನಂಬಬೇಡ. ಆದರೆ ಕೆಟ್ಟ ಸುದ್ದಿಯನ್ನು ಮೊದಲು ನಿನಗೇ ತಂದು ಹೇಳುವವರು ನಿನ್ನ ಓಣಿಯಲ್ಲಿ ಯಾರಾದರೂ ಇದ್ದರೆ, ಅವರನ್ನು ಒಳಗೆ ಕರೆದು ಕೂರಿಸು.